ಅಂಕಿಗಳ ಶಾನುಭೋಗ ಜಾನ್ ಪೋಸ್ಟೆಲ್

ನಮ್ಮ ಕಡೆಯ ಮನೆಗಳು ಪೇಟೆಯ ಹಾಗೆ ಸಾಲಾಗಿ ಇರುವುದಿಲ್ಲ. ತೋಟದ ತಲೆಗೊಂದು, ಗದ್ದೆಯ ಅಂಚಿಗೊಂದು, ಸಂಕ ದಾಟಿ ಗುಡ್ಡ ಹತ್ತಿದರೆ ಮತ್ತೊಂದು. ಮನೆ ನಂಬರು ಹೇಳಿದರೆ ಯಾರಿಗೂ ತಿಳಿಯದು, ಮನೆಯ ಹೆಸರನ್ನೇ ಹೇಳಬೇಕು. ಆದರೂ ಎಲ್ಲಿಂದಲೋ ಹಾಕಿದ ಕಾಗದ ಆಷಾಢದ ಮಳೆಯಲ್ಲೂ ಮನೆ ಜಗಲಿಗೆ ಬಂದು ಮುಟ್ಟುತ್ತದೆ. ಬೆಂಗಳೂರಿನಲ್ಲಿ ಕಾಗದ ವಿಂಗಡಿಸುವವರಿಗೆ ನಮ್ಮ ಮನೆ ಗೊತ್ತಿಲ್ಲ. ಅವರಿಗೆ ಶಿವಮೊಗ್ಗ ಗೊತ್ತಿದ್ದರೆ ಸಾಕು. ಶಿವಮೊಗ್ಗದವರಿಗೆ ತೀರ್ಥಹಳ್ಳಿ ಗೊತ್ತಿದ್ದರೆ ಸಾಕು. ತೀರ್ಥಹಳ್ಳಿಯವರು ಮೇಗರವಳ್ಳಿ ಚೀಲಕ್ಕೆ ಹಾಕಿದರೆ ಮುಂದಿನದು ನಮ್ಮ ಅಂಚೆಯಣ್ಣನ ಪಾಲು. 1972ರಲ್ಲಿ ಬಂದ ಪಿನ್‌ಕೋಡ್ ಇದೇ ಕ್ರಮವನ್ನು ಆರು ಅಂಕಿಗಳಲ್ಲಿ ಬರೆದಿಟ್ಟಿತು. ಮೊದಲ ಅಂಕಿ ದೇಶದ ಒಂದು ದೊಡ್ಡ ಭಾಗ, ಕೊನೆಯ ಮೂರು ಅಂಕಿ ಒಂದು ಅಂಚೆ ಕಚೇರಿ.

ಇಂಟರ್‌ನೆಟ್ ನಡೆಯುವುದೂ ಹೀಗೆಯೇ. ನಿಮ್ಮ ಕೈಯ ಮೊಬೈಲಿಗೂ, ಬ್ಯಾಂಕಿನ ಕಂಪ್ಯೂಟರಿಗೂ, ವಿದೇಶದಲ್ಲಿರುವ ಮಗನ ಲ್ಯಾಪ್‌ಟಾಪಿಗೂ ಒಂದೊಂದು ಅಂಕಿಯ ವಿಳಾಸವಿದೆ. ಅದಕ್ಕೆ ಐಪಿ ವಿಳಾಸ ಎನ್ನುತ್ತಾರೆ. ಒಂದೇ ವಿಳಾಸ ಇಬ್ಬರಿಗೆ ಹೋದರೆ ಕಾಗದ ತಪ್ಪು ಮನೆ ಸೇರಿದಂತೆ. ಹಾಗಾದರೆ ಈ ಅಂಕಿಗಳನ್ನು ಹಂಚಿದವರು ಯಾರು? ಯಾರಿಗೆ ಎಷ್ಟು ಎಂದು ನಿರ್ಧರಿಸಿದವರು ಯಾರು? ಸುಮಾರು ಕಾಲು ಶತಮಾನ ಈ ಲೆಕ್ಕದ ಪುಸ್ತಕ ಒಬ್ಬ ಮನುಷ್ಯನ ಕೈಯಲ್ಲಿತ್ತು. ಅವರ ಹೆಸರು ಜಾನ್ ಪೋಸ್ಟೆಲ್. ಕಂಪ್ಯೂಟರ್ ಓದಿದವರಿಗೆ ಪರಿಚಿತರಾದ ಈ ಮಹನೀಯರನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಊರಿನವರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಜೊನಾಥನ್ ಬ್ರೂಸ್ ಪೋಸ್ಟೆಲ್ 1943ರ ಆಗಸ್ಟ್ 6ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆಲ್ಟಡೀನಾದಲ್ಲಿ ಹುಟ್ಟಿದರು. ಓದಿದ್ದು ಲಾಸ್ ಏಂಜಲೀಸಿನ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಅದೂ ನಮ್ಮ ಶಾಲೆಯ ಹಾಗೆ ಸಾರ್ವಜನಿಕರ ಹಣದಲ್ಲಿ ನಡೆಯುವ ಶಾಲೆ. ಇಂಟರ್‌ನೆಟ್ಟಿನ ಪಿತಾಮಹರಲ್ಲಿ ಒಬ್ಬರೆಂದು ಹೆಸರಾದ ವಿಂಟ್ ಸರ್ಫ್, ಅವರ ಗೆಳೆಯ ಸ್ಟೀವ್ ಕ್ರಾಕರ್ ಇಬ್ಬರೂ ಅದೇ ಶಾಲೆಯ ವಿದ್ಯಾರ್ಥಿಗಳು. ಜಗತ್ತನ್ನು ಬೆಸೆದ ಜಾಲದ ಮೂವರು ಪ್ರಮುಖರು ಒಂದೇ ಸರ್ಕಾರಿ ಹೈಸ್ಕೂಲಿನಿಂದ ಬಂದವರೆಂಬುದು ನಮ್ಮಂಥ ಶಾಲೆಯ ಮಕ್ಕಳು ತಿಳಿದಿರಬೇಕಾದ ವಿಷಯ.

ಪೋಸ್ಟೆಲ್ ಅವರು ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಎಂಜಿನಿಯರಿಂಗ್ ಓದಿ 1966ರಲ್ಲಿ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ, 1974ರಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಅವರು ಅಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗಲೇ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಆರ್ಪಾನೆಟ್ ಎಂಬ ಪ್ರಯೋಗ ಆರಂಭವಾಯಿತು. ದೂರದೂರದ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು ಅದರ ಗುರಿ. ಪ್ರೊಫೆಸರ್ ಲೆನರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯದಿಂದ 1969ರ ಅಕ್ಟೋಬರ್ 29ರಂದು ಮೊದಲ ಸಂದೇಶ ಹೊರಟಿತು. ಐದು ಅಕ್ಷರಗಳ ಪದ ಕಳಿಸಹೊರಟರೆ ಎರಡು ಅಕ್ಷರ ತಲುಪುವಷ್ಟರಲ್ಲಿ ಆ ಕಡೆಯ ಯಂತ್ರ ಕೈಕೊಟ್ಟಿತು. ಆ ಪ್ರಯೋಗಾಲಯದ ಹುಡುಗರ ಗುಂಪಿನಲ್ಲಿ ಸರ್ಫ್, ಕ್ರಾಕರ್, ಪೋಸ್ಟೆಲ್ ಮೂವರೂ ಇದ್ದರು.

ಜಾಲ ಹೇಗೆ ನಡೆಯಬೇಕು ಎಂದು ಹೇಳಿಕೊಡುವ ಹಿರಿಯರು ಯಾರೂ ಇರಲಿಲ್ಲ. ಆದ್ದರಿಂದ ಆ ಹುಡುಗರೇ ಚರ್ಚಿಸಿ ಟಿಪ್ಪಣಿ ಬರೆಯತೊಡಗಿದರು. ತಾವು ಅಪ್ಪಣೆ ಕೊಡುತ್ತಿದ್ದೇವೆಂದು ಯಾರೂ ತಿಳಿಯಬಾರದೆಂದು ಆ ಟಿಪ್ಪಣಿಗಳಿಗೆ ಅಭಿಪ್ರಾಯ ಕೋರಿಕೆ ಎಂಬ ಅರ್ಥದ ವಿನಯದ ಹೆಸರಿಟ್ಟರು. ಆರ್‌ಎಫ್‌ಸಿ ಎಂದು ಪ್ರಸಿದ್ಧವಾದ ಈ ಸರಣಿಯ ಮೊದಲನೆಯದನ್ನು ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಬರೆದರು. ಸರಣಿಯನ್ನು ಸಂಪಾದಿಸುವ ಹೊಣೆ ಪೋಸ್ಟೆಲ್ ಅವರ ಹೆಗಲಿಗೆ ಬಂತು. ಕೊನೆಯುಸಿರಿನವರೆಗೂ ಅವರು ಅದನ್ನು ಇಳಿಸಲಿಲ್ಲ. ಯಾರೇ ಬರೆದು ಕಳಿಸಲಿ, ಕಾಗುಣಿತದಿಂದ ಹಿಡಿದು ತಾಂತ್ರಿಕ ಲೋಪದವರೆಗೆ ನೋಡಿ, ತಿದ್ದಿಸಿ, ಕ್ರಮಸಂಖ್ಯೆ ಕೊಟ್ಟು, ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ ಇಡುತ್ತಿದ್ದರು. ಅವರೇ ಬರೆದವು ಮತ್ತು ಇತರರೊಡನೆ ಸೇರಿ ಬರೆದವು ಇನ್ನೂರಕ್ಕೂ ಹೆಚ್ಚು. ನಾವು ಇಂದು ಕಳಿಸುವ ಇಮೇಲ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುವ ನಿಯಮವನ್ನು 1982ರಲ್ಲಿ ಬರೆದವರು ಅವರೇ.

ಅಂಕಿಗಳ ಪಟ್ಟಿ ಅವರ ಕೈಗೆ ಬಂದದ್ದು ಹೀಗೆ. ಜಾಲದಲ್ಲಿ ಪ್ರತಿಯೊಂದು ಸೇವೆಗೂ ಒಂದು ಗುರುತಿನ ಅಂಕಿ ಬೇಕಿತ್ತು. ಒಬ್ಬೊಬ್ಬರು ತಮಗೆ ತೋಚಿದ್ದನ್ನು ಬಳಸತೊಡಗಿದರೆ ಗೊಂದಲ. 1972ರ ಮೇ ತಿಂಗಳಲ್ಲಿ ಪೋಸ್ಟೆಲ್ ಒಂದು ಚಿಕ್ಕ ಟಿಪ್ಪಣಿ ಬರೆದು, ಈ ಅಂಕಿಗಳನ್ನು ಕೊಡುವುದಕ್ಕೆ ಒಬ್ಬ ಯಜಮಾನ ಇರಲಿ, ಆ ಕೆಲಸ ತಾನೇ ಮಾಡುತ್ತೇನೆ ಎಂದು ಮುಂದೆ ಬಂದರು. ಯಾರಿಗೂ ಬೇಡವಾಗಿದ್ದ ಗುಮಾಸ್ತೆ ಕೆಲಸ ಅದು. ಹೀಗಾಗಿ ಯಾರೂ ತಕರಾರು ಎತ್ತಲಿಲ್ಲ. 1977ರಲ್ಲಿ ಅವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೆ ಸೇರಿದಾಗ ಪಟ್ಟಿಯೂ ಅವರೊಂದಿಗೆ ಹೋಯಿತು. ಮುಂದೆ ಈ ಕೆಲಸಕ್ಕೆ ಐಯಾನಾ ಎಂಬ ಹೆಸರು ಬಂತು. ಹೆಸರು ಕೇಳಿದರೆ ದೊಡ್ಡ ಕಚೇರಿ ಎನಿಸಬಹುದು. ಬಹುಕಾಲ ಅದೆಂದರೆ ಪೋಸ್ಟೆಲ್, ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಮತ್ತು ಕೆಲವೇ ಜನ.

ನಮ್ಮ ಹಿರಿಯರಿಗೆ ಶಾನುಭೋಗರ ನೆನಪಿರುತ್ತದೆ. ಭೂಮಿ ಶಾನುಭೋಗರದಲ್ಲ, ಆದರೆ ಯಾವ ಸರ್ವೆ ನಂಬರು ಯಾರ ಹೆಸರಿಗೆ ಎಂಬ ಪುಸ್ತಕ ಅವರ ಬಳಿ. ಪುಸ್ತಕದಲ್ಲಿ ಬರೆದದ್ದೇ ಸತ್ಯ. ಆ ಕಾರಣಕ್ಕೆ ಅವರ ಮೇಲೆ ಗೌರವವೂ ಇತ್ತು, ಒಳಗೊಳಗೆ ಭಯವೂ ಇತ್ತು. ಪೋಸ್ಟೆಲ್ ಅವರ ಸ್ಥಾನ ಹೆಚ್ಚುಕಡಿಮೆ ಇಂಥದ್ದು.

ಈಗ ವಿಳಾಸಗಳ ವರ್ಗೀಕರಣಕ್ಕೆ ಬರೋಣ. ಐಪಿ ವಿಳಾಸ 32 ಬಿಟ್‌ಗಳದ್ದು. ಒಟ್ಟು ಲೆಕ್ಕ ಹಾಕಿದರೆ ಸುಮಾರು 429 ಕೋಟಿ ವಿಳಾಸಗಳು. ವಿಳಾಸದ ಮೊದಲ ಭಾಗ ಜಾಲವನ್ನೂ ಉಳಿದ ಭಾಗ ಆ ಜಾಲದೊಳಗಿನ ಕಂಪ್ಯೂಟರನ್ನೂ ಸೂಚಿಸುತ್ತದೆ, ಅಂಚೆ ಕಚೇರಿ ಮತ್ತು ಮನೆಯ ಹಾಗೆ. 1980ರ ನಿಯಮದಲ್ಲಿ ಜಾಲದ ಭಾಗಕ್ಕೆ ಎಂಟು ಬಿಟ್ ಮಾತ್ರ ಇದ್ದವು. ಅಂದರೆ ಇಡೀ ಜಗತ್ತಿಗೆ 256ಕ್ಕಿಂತ ಹೆಚ್ಚು ಜಾಲ ಇರುವಂತಿಲ್ಲ. ಇದು ಸಾಲದೆಂದು ಬೇಗನೆ ಗೊತ್ತಾಯಿತು. 1981ರ ಸೆಪ್ಟೆಂಬರ್‌ನಲ್ಲಿ ಪೋಸ್ಟೆಲ್ ಸಂಪಾದಿಸಿದ ಹೊಸ ನಿಯಮದಲ್ಲಿ ವಿಳಾಸಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡಲಾಯಿತು. ಎ ದರ್ಜೆಯ ಒಂದು ಜಾಲಕ್ಕೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸ. ಬಿ ದರ್ಜೆಯದಕ್ಕೆ 65 ಸಾವಿರಕ್ಕೂ ಹೆಚ್ಚು. ಸಿ ದರ್ಜೆಯದಕ್ಕೆ ಕೇವಲ 254. ಎ ದರ್ಜೆಯ ಜಾಲಗಳು ನೂರಿಪ್ಪತ್ತು ಚಿಲ್ಲರೆ ಮಾತ್ರ, ಆದರೆ ಒಟ್ಟು ವಿಳಾಸಗಳ ಅರ್ಧ ಭಾಗ ಅವುಗಳ ಪಾಲಿಗೆ. ಬಿ ದರ್ಜೆಗೆ ಕಾಲು ಭಾಗ, ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಸಿ ದರ್ಜೆಯ ಜಾಲಗಳಿಗೆಲ್ಲ ಸೇರಿ ಎಂಟನೇ ಒಂದು ಭಾಗ.

ಆ ದಿನಗಳಲ್ಲಿ ಕೇಳಿದವರೇ ಕಡಿಮೆ, ಕೊಡಲು ಬೇಕಾದಷ್ಟಿತ್ತು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ 18ನೇ ಎ ಜಾಲ, ಆಪಲ್ ಕಂಪನಿಗೆ 17, ಫೋರ್ಡ್ ಮೋಟಾರು ಕಂಪನಿಗೆ 19 ಹೀಗೆ ಹಂಚಿಕೆಯಾಯಿತು. ಒಂದು ಕಾರು ಕಂಪನಿಗೆ ಒಂದೂಮುಕ್ಕಾಲು ಕೋಟಿಯಷ್ಟು ವಿಳಾಸ ಏಕೆ ಎಂದು ಇವತ್ತು ಕೇಳಬಹುದು. ಆಗ ಇದು ಒಂದು ಪ್ರಯೋಗ. ಪ್ರತಿ ಮನುಷ್ಯನ ಜೇಬಿನಲ್ಲೂ ಒಂದು ಕಂಪ್ಯೂಟರ್ ಇರುವ ಕಾಲ ಬರುತ್ತದೆಂದು ಆ ಪ್ರಯೋಗ ನಡೆಸಿದವರೂ ಎಣಿಸಿರಲಿಲ್ಲ.

ತೊಂದರೆ ಕಾಣಿಸಿಕೊಂಡದ್ದು ಬಿ ದರ್ಜೆಯಲ್ಲಿ. ಅಕ್ಕಿ ಅಳೆಯಲು ಪಾವು ಬಿಟ್ಟರೆ ಖಂಡುಗವೇ ಇದ್ದು, ನಡುವೆ ಸೇರು, ಕೊಳಗ ಯಾವುದೂ ಇಲ್ಲದಿದ್ದರೆ ಹೇಗಿರುತ್ತದೆ? ಮುನ್ನೂರು ಕಂಪ್ಯೂಟರ್ ಇರುವ ಕಾಲೇಜಿಗೆ ಸಿ ದರ್ಜೆಯ 254 ಸಾಲದು. ಅವರು ಬಿ ದರ್ಜೆ ಕೇಳುತ್ತಾರೆ. ಕೊಟ್ಟರೆ 65 ಸಾವಿರದಲ್ಲಿ ಬಹುಪಾಲು ಪಾಳು. 1990ರ ಹೊತ್ತಿಗೆ ಬಿ ದರ್ಜೆಯ ಜಾಲಗಳು ಕೆಲವೇ ವರ್ಷಗಳಲ್ಲಿ ಮುಗಿದುಹೋಗುತ್ತವೆ ಎಂಬ ಲೆಕ್ಕ ಕಣ್ಣೆದುರಿಗೆ ಬಂತು. ಸಿ ದರ್ಜೆಯವನ್ನೇ ಹತ್ತಾರು ಕೊಟ್ಟರೆ ಇನ್ನೊಂದು ತೊಂದರೆ. ಪ್ರತಿ ಜಾಲದ ದಾರಿಯನ್ನೂ ರೂಟರ್‌ಗಳು ನೆನಪಿಡಬೇಕು. ಪಟ್ಟಿ ಉದ್ದವಾದರೆ ಆಗಿನ ರೂಟರ್‌ಗಳಿಗೆ ತಾಳುವ ಶಕ್ತಿ ಇರಲಿಲ್ಲ. ಇದು ಬೆಂಗಳೂರಿನ ಅಂಚೆಯವರು ತೀರ್ಥಹಳ್ಳಿ ತಾಲ್ಲೂಕಿನ ಪ್ರತಿ ಮನೆಯನ್ನೂ ಬಾಯಿಪಾಠ ಮಾಡಬೇಕಾದ ಹಾಗೆ.

ಪರಿಹಾರವಾಗಿ 1993ರಲ್ಲಿ ದರ್ಜೆಗಳನ್ನೇ ಕೈಬಿಡುವ ಹೊಸ ಪದ್ಧತಿ ಬಂತು. ಇನ್ನು ಮೇಲೆ ಜಾಲದ ಗಡಿಯನ್ನು ಎಲ್ಲಿ ಬೇಕಾದರೂ ಎಳೆಯಬಹುದು. 512 ಬೇಕಾದವರಿಗೆ 512, 4096 ಬೇಕಾದವರಿಗೆ 4096. ಇದನ್ನು ರೂಪಿಸಿದವರು ಬೇರೆ ಎಂಜಿನಿಯರುಗಳು. ಹನ್ನೆರಡು ವರ್ಷಗಳ ಹಿಂದೆ ತಮ್ಮ ಸಂಪಾದಕತ್ವದಲ್ಲಿ ಹೊರಬಂದ ದರ್ಜೆಗಳನ್ನು ತೆಗೆದುಹಾಕುವ ಬರಹವನ್ನೂ ಅದೇ ಶ್ರದ್ಧೆಯಿಂದ ಸರಣಿಗೆ ಸೇರಿಸಿದವರು ಪೋಸ್ಟೆಲ್. ಹಳೆಯ ಟಿಪ್ಪಣಿಯನ್ನು ಅಳಿಸುವ ಪದ್ಧತಿ ಅಲ್ಲಿಲ್ಲ. ಇದು ಅದನ್ನು ಬದಲಿಸಿದೆ ಎಂದು ಬರೆದು ಎರಡನ್ನೂ ಉಳಿಸುತ್ತಾರೆ. ಆದ್ದರಿಂದ ಯಾರು ಯಾವಾಗ ತಪ್ಪಿದರು, ಹೇಗೆ ತಿದ್ದಿಕೊಂಡರು ಎಂಬುದು ಇವತ್ತಿಗೂ ಓದಲು ಸಿಗುತ್ತದೆ.

ಜಗತ್ತು ದೊಡ್ಡದಾದಂತೆ ಒಂದೇ ಕಡೆಯಿಂದ ಹಂಚುವುದು ಆಗದ ಮಾತಾಯಿತು. ಯುರೋಪಿಗೆ 1992ರಲ್ಲಿ, ಭಾರತವೂ ಸೇರಿದ ಏಷ್ಯಾ ಪೆಸಿಫಿಕ್ ವಲಯಕ್ಕೆ 1993ರಲ್ಲಿ, ಅಮೆರಿಕಕ್ಕೆ 1997ರಲ್ಲಿ ಪ್ರತ್ಯೇಕ ನೋಂದಣಿ ಸಂಸ್ಥೆಗಳು ಬಂದವು. ಅವು ಅನುಸರಿಸಬೇಕಾದ ಹಂಚಿಕೆ ನೀತಿಯನ್ನು 1996ರ ನವೆಂಬರ್‌ನಲ್ಲಿ ಐವರು ಸೇರಿ ಬರೆದರು. ಪೋಸ್ಟೆಲ್ ಅವರಲ್ಲಿ ಒಬ್ಬರು. ಅದರಲ್ಲಿ ಮೂರು ಗುರಿಗಳಿವೆ. ವಿಳಾಸ ಪೋಲಾಗಬಾರದು, ದಾರಿಪಟ್ಟಿ ಬೆಳೆಯದಂತೆ ಗುಂಪುಗುಂಪಾಗಿ ಹಂಚಬೇಕು, ಯಾವುದು ಯಾರ ಬಳಿ ಇದೆ ಎಂಬ ದಾಖಲೆ ಎಲ್ಲರಿಗೂ ಕಾಣಬೇಕು. ಮುಂದೆ ಹಂಚಲೆಂದು ಇಂಟರ್‌ನೆಟ್ ಸೇವಾ ಕಂಪನಿಗೆ ಕೊಡುವ ಪಾಲು ಒಂದು ಬಗೆ, ತಾನೇ ಬಳಸಲೆಂದು ಪಡೆಯುವ ಪಾಲು ಇನ್ನೊಂದು ಬಗೆ ಎಂದು ಅದು ಭೇದ ಮಾಡಿತು. ತಾನೇ ಬಳಸುವವರು ಕೇಳಿದ್ದರಲ್ಲಿ ಕಾಲು ಭಾಗವನ್ನು ತಕ್ಷಣ, ಅರ್ಧ ಭಾಗವನ್ನು ಒಂದು ವರ್ಷದೊಳಗೆ ಬಳಸುತ್ತೇವೆಂದು ತೋರಿಸಬೇಕು.

ನಮ್ಮ ಊರಿನವರಿಗೆ ಇದು ಹೊಸ ವಿಚಾರವಲ್ಲ. ತೋಟವಿದ್ದವರಿಗೆ ಸೊಪ್ಪಿನಬೆಟ್ಟವಿದೆ. ಸೊಪ್ಪು, ದರಗು ತರುವ ಹಕ್ಕುಂಟು; ತೋಟಕ್ಕೆಂದು ಕೊಟ್ಟದ್ದನ್ನು ತೋಟಕ್ಕೇ ಬಳಸಬೇಕು. ಕಾನು, ಸೊಪ್ಪಿನಬೆಟ್ಟಗಳ ಈ ವಿಶೇಷ ಹಕ್ಕನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಹೆಸರಿಸಲಾಗಿದೆ. ಐಪಿ ವಿಳಾಸವನ್ನೂ ಆ ನೀತಿ ಬಳಕೆಯ ಹಕ್ಕೆಂದೇ ಕಂಡಿತು. ಕೇಳಿದ ಕಾರಣ ಇರುವ ತನಕ ಅದು ನಿಮ್ಮದು, ಜಹಗೀರು ಅಲ್ಲ. ಮೊದಲೇ ದೊಡ್ಡ ಪಾಲು ಪಡೆದವರೆಲ್ಲ ಇದನ್ನು ಒಪ್ಪಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2000ದಲ್ಲಿ ತನ್ನ ಇಡೀ ಎ ಜಾಲವನ್ನು ಹಿಂದಿರುಗಿಸಿತು. ಮಸಾಚುಸೆಟ್ಸ್ ಸಂಸ್ಥೆ 2017ರಲ್ಲಿ ತನ್ನಲ್ಲಿ ಹೆಚ್ಚಾಗಿದ್ದ ಸುಮಾರು 80 ಲಕ್ಷ ವಿಳಾಸಗಳನ್ನು ಮಾರಲು ಹೊರಟಿತು. ಎರಡೂ ಒಂದೇ ಬಗೆಯ ಪಾಲು, ಬಿಟ್ಟಿಯಾಗಿ ಬಂದದ್ದು.

ಅಂಕಿಗಳ ಜೊತೆಗೆ ಹೆಸರುಗಳ ಹೊಣೆಯೂ ಅವರದಾಗಿತ್ತು. 1983ರಲ್ಲಿ ಪೋಸ್ಟೆಲ್ ಅವರ ಕೋರಿಕೆಯಂತೆ ಪಾಲ್ ಮಾಕಪೆಟ್ರಿಸ್ ಅವರು ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದರು. ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದ ವರ್ಗಗಳನ್ನು ವಿವರಿಸಿದ 1984ರ ಟಿಪ್ಪಣಿ ಪೋಸ್ಟೆಲ್ ಮತ್ತು ರೆನಾಲ್ಡ್ಸ್ ಅವರದು. ದೇಶಗಳಿಗೆ ಹೆಸರು ಕೊಡುವಾಗ ಕಠಿಣ ಪ್ರಶ್ನೆ ಎದುರಾಯಿತು. ಯಾವುದು ದೇಶ, ಯಾವುದು ಅಲ್ಲ? ಇದನ್ನು ತಾನು ನಿರ್ಧರಿಸುವುದು ಸಲ್ಲದೆಂದು ಅವರು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಎರಡಕ್ಷರದ ಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಂಡರು. ಆ ಪಟ್ಟಿಯಂತೆ ಭಾರತಕ್ಕೆ 1989ರಲ್ಲಿ ಡಾಟ್ ಇನ್ ಸಿಕ್ಕಿತು. ಹೆಸರನ್ನು ನೋಡಿಕೊಳ್ಳುವವರು ಅದರ ಒಡೆಯರಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿಗಳು ಎಂಬುದು 1994ರಲ್ಲಿ ಅವರು ಬರೆದ ನಿಯಮದ ಸಾರ.

ಪೋಸ್ಟೆಲ್ ಅವರನ್ನು ಕಂಡವರಿಗೆ ಮೊದಲು ಕಾಣುತ್ತಿದ್ದುದು ಎದೆಯವರೆಗೆ ಇಳಿದ ಗಡ್ಡ, ಹಿಂದಕ್ಕೆ ಕಟ್ಟಿದ ಉದ್ದ ಕೂದಲು, ಕಾಲಿನ ಚಪ್ಪಲಿ. ಋಷಿಯಂತಿದ್ದ ಅವರನ್ನು ಒಂದು ಬ್ರಿಟಿಷ್ ಪತ್ರಿಕೆ ಇಂಟರ್‌ನೆಟ್ಟಿನ ದೇವರಿಗೇ ಹೋಲಿಸಿತು. ಅವರದು ಮಾತು ಕಡಿಮೆ. ಬಿಡುವಾದಾಗ ಬೆನ್ನಿಗೆ ಚೀಲ ಹಾಕಿಕೊಂಡು ಸಿಯೆರಾ ನೆವಾಡಾ ಬೆಟ್ಟಗಳನ್ನು ಸುತ್ತುತ್ತಿದ್ದರು. ಅವರ ಸುತ್ತಮುತ್ತ ಎಷ್ಟೋ ಮಂದಿ ಇಂಟರ್‌ನೆಟ್ಟಿನಿಂದ ಕೋಟ್ಯಧೀಶರಾದರು. ಎಲ್ಲ ಅಂಕಿಗಳ ಪುಸ್ತಕ ಕೈಯಲ್ಲಿದ್ದ ಅವರು ಮಾತ್ರ ವಿಶ್ವವಿದ್ಯಾಲಯದ ಸಂಬಳದಲ್ಲಿದ್ದರು. ತಾನು ಕಳಿಸುವಾಗ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಇನ್ನೊಬ್ಬರಿಂದ ಬಂದದ್ದನ್ನು ಉದಾರವಾಗಿ ಸ್ವೀಕರಿಸಬೇಕು ಎಂಬುದು ಕಂಪ್ಯೂಟರ್ ತಂತ್ರಾಂಶಕ್ಕೆ ಅವರು ಹೇಳಿದ ತತ್ವ. ಅದು ಅವರ ಹೆಸರಿನಲ್ಲೇ ಉಳಿದಿದೆ.

ಆದರೆ ಒಬ್ಬರ ಮೇಲಿನ ನಂಬಿಕೆಯಿಂದ ನಡೆಯುವ ವ್ಯವಸ್ಥೆಗೆ ಒಂದು ಮಿತಿ ಇದೆ. 1995ರಿಂದ ಡಾಟ್ ಕಾಮ್ ಹೆಸರುಗಳಿಗೆ ವರ್ಷಕ್ಕೆ 50 ಡಾಲರ್ ಶುಲ್ಕ ಬಂತು. ಆ ಹೆಸರುಗಳ ನೋಂದಣಿ ನಡೆಸುತ್ತಿದ್ದುದು ಸರ್ಕಾರದೊಡನೆ ಒಪ್ಪಂದವಿದ್ದ ಒಂದೇ ಕಂಪನಿ. ಹಣ ಹರಿಯತೊಡಗಿದ ಮೇಲೆ ಈ ಪುಸ್ತಕದ ಮೇಲೆ ಅಧಿಕಾರ ಯಾರದು ಎಂಬ ಪ್ರಶ್ನೆ ಎದ್ದಿತು. 1998ರ ಜನವರಿ 28ರಂದು ಪೋಸ್ಟೆಲ್ ಅವರು ಹೆಸರುಗಳ ಮೂಲ ಸರ್ವರ್‌ಗಳನ್ನು ನಡೆಸುತ್ತಿದ್ದ ಎಂಟು ಕಡೆಯವರಿಗೆ ಪತ್ರ ಕಳಿಸಿ, ಇನ್ನು ಮುಂದೆ ಮೂಲಪಟ್ಟಿಯನ್ನು ಆ ಕಂಪನಿಯ ಯಂತ್ರದಿಂದಲ್ಲ, ತಮ್ಮ ಯಂತ್ರದಿಂದ ಪಡೆಯಿರಿ ಎಂದು ಕೇಳಿದರು. ಕೇಳಿದವರು ಪೋಸ್ಟೆಲ್ ಎಂಬ ಒಂದೇ ಕಾರಣಕ್ಕೆ ಎಂಟೂ ಕಡೆಯವರು ಹಾಗೇ ಮಾಡಿದರು. ಜಗತ್ತಿನಲ್ಲಿ ಯಾರ ಕೆಲಸವೂ ನಿಲ್ಲಲಿಲ್ಲ. ಆದರೆ ಅಮೆರಿಕದ ಸರ್ಕಾರ ಬೆಚ್ಚಿತು. ಅಧ್ಯಕ್ಷ ಕ್ಲಿಂಟನ್ ಅವರ ಸಲಹೆಗಾರ ಐರಾ ಮ್ಯಾಗಜೈನರ್ ಅವರ ಒತ್ತಾಯದ ಮೇಲೆ ಪೋಸ್ಟೆಲ್ ಅದನ್ನು ಹಿಂದಿನಂತೆ ಮಾಡಿಸಿ, ಇದೊಂದು ಪರೀಕ್ಷೆ ಎಂದರು. ಕೆಲವರು ಅದನ್ನು ಹಾಗೇ ನಂಬಿದರು, ಕೆಲವರು ದಂಗೆ ಎಂದು ಕರೆದರು.

ಅವರು ಮಾಡಿದ್ದು ಸರಿಯೇ ಎಂಬ ಬಗ್ಗೆ ಈಗಲೂ ಎರಡು ಅಭಿಪ್ರಾಯಗಳಿವೆ. ನನಗೆ ಅನಿಸುವುದು ಇಷ್ಟು: ಒಬ್ಬ ಒಳ್ಳೆಯ ಮನುಷ್ಯ ಒಂದು ಪತ್ರದಿಂದ ಇಷ್ಟು ಮಾಡಬಲ್ಲನಾದರೆ, ಅದೇ ಜಾಗದಲ್ಲಿ ನಾಳೆ ಕೂರುವ ಇನ್ನೊಬ್ಬನೂ ಮಾಡಬಲ್ಲ. ಆ ವರ್ಷವೆಲ್ಲ ಪೋಸ್ಟೆಲ್ ಅವರು ದುಡಿದದ್ದು ತಮ್ಮ ಪುಸ್ತಕವನ್ನು ಒಂದು ಸಂಸ್ಥೆಗೆ ಒಪ್ಪಿಸುವುದಕ್ಕಾಗಿ. 1998ರ ಸೆಪ್ಟೆಂಬರ್ 30ರಂದು ಐಕಾನ್ ಎಂಬ ಲಾಭರಹಿತ ಸಂಸ್ಥೆ ನೋಂದಣಿಯಾಯಿತು. ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಪೋಸ್ಟೆಲ್ ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು. ಅವರಿಗೆ ಆಗ 55 ವರ್ಷ. ಅವರು ಜೀವನವಿಡೀ ತಿದ್ದಿದ ಅದೇ ಸರಣಿಯ 2468ನೆಯ ಸಂಚಿಕೆಯಾಗಿ ವಿಂಟ್ ಸರ್ಫ್ ಅವರ ಶ್ರದ್ಧಾಂಜಲಿ ಪ್ರಕಟವಾಯಿತು. ಇಂಟರ್‌ನೆಟ್ ಸೊಸೈಟಿ 1999ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ.

ಅವರು ಹೋದ ಮೇಲೂ ಜಾಲ ಒಂದು ದಿನ ನಿಲ್ಲಲಿಲ್ಲ. 2011ರ ಫೆಬ್ರುವರಿ 3ರಂದು ಮೂಲ ಉಗ್ರಾಣದಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಪಾಲುಗಳನ್ನು ಜಗತ್ತಿನ ಐದು ವಲಯಗಳಿಗೆ ಒಂದೊಂದರಂತೆ ಹಂಚಲಾಯಿತು. ಅದೇ ಏಪ್ರಿಲ್‌ನಲ್ಲಿ ನಮ್ಮ ವಲಯದ ಸಾಮಾನ್ಯ ಹಂಚಿಕೆ ಮುಗಿದು, ಮುಂದೆ ಕೇಳಿದ ಸಂಸ್ಥೆಗೆ ಆ ಕೊನೆಯ ಪಾಲಿನಿಂದ ಹೆಚ್ಚೆಂದರೆ 1,024 ವಿಳಾಸ ಎಂಬ ನಿಯಮ ಬಂತು. ಮೊದಲು ಬಂದವರಿಗೆ ಕೋಟಿ, ತಡವಾಗಿ ಬಂದ ನಮಗೆ ಸಾವಿರ. ಹಳೆಯ ದರ್ಜೆಗಳ ಫಲವನ್ನು ನಾವು ಹೀಗೆ ಉಂಡೆವು. ಈ ಕೊರತೆ ನೀಗಿಸುವ 128 ಬಿಟ್‌ಗಳ ಹೊಸ ವಿಳಾಸ ಪದ್ಧತಿ ಐಪಿವಿ6ರ ಬಳಕೆಯಲ್ಲಿ ಭಾರತ ಇಂದು ಮುಂಚೂಣಿಯ ದೇಶಗಳಲ್ಲಿ ಒಂದು. ಡಾಟ್ ಇನ್ ಜೊತೆಗೆ ಕನ್ನಡ ಲಿಪಿಯಲ್ಲೇ ಬರೆಯಬಹುದಾದ .ಭಾರತ ಎಂಬ ಹೆಸರೂ ಮೂಲಪಟ್ಟಿಯಲ್ಲಿದೆ.

ಮನೆಯಲ್ಲಿ ವೈಫೈ ಇದ್ದರೆ ಮೊಬೈಲಿನ ಸೆಟ್ಟಿಂಗಿಗೆ ಹೋಗಿ ನೋಡಿ. ನಿಮ್ಮ ವಿಳಾಸ ಬಹುಶಃ 192.168 ಎಂದೋ 10 ಎಂದೋ ಶುರುವಾಗುತ್ತದೆ. ಇವು ಯಾರಿಗೂ ಸೇರದೆ, ಮನೆಯೊಳಗೆ ಎಲ್ಲರೂ ಬಳಸಲೆಂದು ತೆಗೆದಿಟ್ಟ ವರ್ಗ. ಊರಿಗೊಂದು ಗೋಮಾಳ ಇದ್ದಂತೆ. ಅದರಲ್ಲಿ 10 ಎಂಬುದು ಒಂದು ಕಾಲಕ್ಕೆ ಆರ್ಪಾನೆಟ್ಟಿನ ಜಾಲಸಂಖ್ಯೆ. ಆರ್ಪಾನೆಟ್ 1990ರಲ್ಲಿ ಮುಚ್ಚಿದ ಮೇಲೆ ಆ ಅಂಕಿಯನ್ನು ಯಾವ ಕಂಪನಿಗೂ ಕೊಡದೆ ಎಲ್ಲರಿಗೂ ಬಿಡಲಾಯಿತು.

ಯಾವುದೇ ಶಾಲೆಯ ಕಚೇರಿಯಲ್ಲಿ ದಾಖಲಾತಿ ಪುಸ್ತಕವೊಂದು ಇರುತ್ತದೆ. ಹೆಸರು, ಜನ್ಮದಿನಾಂಕ, ಕ್ರಮಸಂಖ್ಯೆ. ಎಷ್ಟೋ ವರ್ಷದ ಮೇಲೆ ಯಾರೋ ಒಬ್ಬರು ವರ್ಗಾವಣೆ ಪತ್ರಕ್ಕೋ ವಯಸ್ಸಿನ ದಾಖಲೆಗೋ ಬಂದಾಗ, ಅಂದು ಸರಿಯಾಗಿ ಬರೆದವರ ಕೈ ಅವರನ್ನು ಕಾಪಾಡುತ್ತದೆ. ಬರೆದವರ ಹೆಸರು ಯಾರಿಗೂ ನೆನಪಿರುವುದಿಲ್ಲ. ನಮ್ಮ ಶಾಲೆಯ ಐವತ್ತು ವರ್ಷಗಳ ಪುಸ್ತಕವನ್ನು ಹೀಗೆ ಬರೆದಿಟ್ಟ ಗುರುಗಳಿಗೆ, ಗುಮಾಸ್ತರಿಗೆ ನಮಸ್ಕರಿಸುತ್ತ ಜಾನ್ ಪೋಸ್ಟೆಲ್ ಅವರ ಕಥೆಯನ್ನು ಇಲ್ಲಿಗೆ ಮುಗಿಸುತ್ತೇನೆ.